ಕರೆಂಟ್ ಕೊಟ್ಟವನಿಗೇ ಕರೆಂಟ್: ಪ್ರೋಟಾನ್ ಕೇಂದ್ರಕ್ಕೆ ಹೋಗಿ ಬಂದ ಕಥೆ

ನಮ್ಮ ಹಾಸನದ ಕಡೆ ರೇಡಿಯೇಷನ್ ಚಿಕಿತ್ಸೆಗೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ನಾನು 34 ವರ್ಷ ಊರಿಗೆ ಕರೆಂಟ್ ಕೊಟ್ಟವನು. ಕೆಇಬಿಗೆ ಸೇರಿದೆ, ಅದು ಕೆಪಿಟಿಸಿಎಲ್ ಆಯಿತು, ಆಮೇಲೆ ಸೆಸ್ಕ್ ಆಯಿತು, ನಾನು ರಿಟೈರ್ ಆದೆ. ಬೋರ್ಡಿನ ಹೆಸರು ಎಷ್ಟು ಸಲ ಬದಲಾದರೂ ಜನ ಇವತ್ತಿಗೂ ‘ಕೆಇಬಿ ಸಾರ್’ ಅಂತಲೇ ಕರೆಯುತ್ತಾರೆ. ಈಗ ವಯಸ್ಸು 69. ಕಳೆದ ವರ್ಷ ಕರೆಂಟ್ ಕೊಡಿಸಿಕೊಳ್ಳುವ ಸರದಿ ನನ್ನದೇ ಆಯಿತು.

ಪ್ರಾಸ್ಟೇಟ್ ಕ್ಯಾನ್ಸರ್, ಅಂದರೆ ಗಂಡಸರಿಗೆ ಮೂತ್ರಚೀಲದ ಕೆಳಗಿರೋ ಗ್ರಂಥಿಯದ್ದು. ‘ಚೆನ್ನೈಗೆ ಪ್ರೋಟಾನ್‌ಗೆ ಹೋಗಿದ್ರಂತೆ, ಹೇಗಿದೆ ಸಾರ್?’ ಅಂತ ವಾರಕ್ಕೆ ಇಬ್ಬರಾದರೂ ಫೋನ್ ಮಾಡುತ್ತಾರೆ. ಕೆಲವರು ತಮಗಾಗಿ, ಕೆಲವರು ಅಪ್ಪನಿಗಾಗಿ. ಪ್ರೋಟಾನ್ ಅಂದರೆ ರೇಡಿಯೇಷನ್ನಿನಲ್ಲೇ ಒಂದು ದುಬಾರಿ ಬಗೆ. ಎಲ್ಲರಿಗೂ ಅದೇ ಕಥೆ ಹೇಳಿ ಸಾಕಾಗಿದೆ, ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಡಿಪ್ಲೊಮಾ ಮಾಡಿದ ಎಲೆಕ್ಟ್ರಿಕಲ್ ಮನುಷ್ಯ. ಅಷ್ಟು ನೆನಪಿಟ್ಟುಕೊಂಡು ಓದಿ.

ಮೊದಲು ನನ್ನ ಲೆಕ್ಕ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದೆ, ವಯಸ್ಸಾಯ್ತು ಅಂತ ಸುಮ್ನೆ ಇದ್ದೆ. ಬೆನ್ನಿನ ಕೆಳಗೆ ನೋವು ಶುರುವಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ, ಪ್ರಾಸ್ಟೇಟಿನ ತೊಂದರೆ ತೋರಿಸುವ ಪಿಎಸ್‌ಎ 84. ಬಯಾಪ್ಸಿಯಲ್ಲಿ ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಅನ್ನೋ ಅಂಕ) 4+4, ಅಂದರೆ 8. ಬೆಂಗಳೂರಿನಲ್ಲಿ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಿದೆವು, ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ಹೊಳೆಯಿಸಿ ತೋರಿಸುವ ಸ್ಕ್ಯಾನ್ ಅದು. ಪ್ರಾಸ್ಟೇಟ್ ಅಲ್ಲದೆ ಮೂಳೆಯಲ್ಲೂ ಮೂರು ಕಡೆ ಹೊಳೆಯುತ್ತಿತ್ತು. ಸೊಂಟದ ಮೂಳೆಯಲ್ಲಿ ಎರಡು, ಬೆನ್ನುಮೂಳೆಯಲ್ಲಿ ಒಂದು. ಸ್ಟೇಜ್ ನಾಲ್ಕು. ಮಗ ಕಾರಿನಲ್ಲಿ ರಿಪೋರ್ಟ್ ಓದಿ ‘ಸ್ವಲ್ಪ ಹರಡಿದೆಯಂತೆ ಅಪ್ಪ’ ಅಂದ. ಸ್ವಲ್ಪ ಹರಡೋದು ಅಂದರೇನು ಅಂತ ನಾನು ಕೇಳಲಿಲ್ಲ. ಲೈನ್‌ಮನ್‌ಗಳು ‘ಸ್ವಲ್ಪ ಶಾಕ್ ಹೊಡೀತು ಸಾರ್’ ಅನ್ನುತ್ತಾರಲ್ಲ, ಹಾಗೆ.

ಪ್ರೋಟಾನ್ ಅನ್ನೋ ಪದ ಮನೆಗೆ ತಂದದ್ದು ನನ್ನ ಭಾವಮೈದುನ. ಅವನು ಮೊಬೈಲ್‌ನಲ್ಲಿ ಏನೋ ಫಾರ್ಮ್ ತುಂಬಿದ. ಅರ್ಧ ಗಂಟೆಯೊಳಗೆ ಒಂದು ಏಜೆನ್ಸಿಯಿಂದ ಫೋನ್. ರೋಗಿಗಳನ್ನು ದೊಡ್ಡ ಆಸ್ಪತ್ರೆಗಳಿಗೆ ಸೇರಿಸಿಕೊಡುವ ದಲ್ಲಾಳಿ ಕಂಪನಿ ಅದು. ಹೆಸರು ಬರೆಯಲ್ಲ, ಬರೆದು ನನಗೇನೂ ಆಗಬೇಕಿಲ್ಲ. ಫೋನಲ್ಲಿದ್ದ ಹುಡುಗ ಬಹಳ ಸವಿಯಾಗಿ ಮಾತಾಡಿದ. ಪ್ಯಾಕೇಜ್ 26 ಲಕ್ಷ, ಉಳಿದುಕೊಳ್ಳೋದು ಸೇರಿ. ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ. ಈ ತಿಂಗಳೊಳಗೆ ಬುಕ್ ಮಾಡಿದರೆ ಡಿಸ್ಕೌಂಟ್. ನನ್ನ ಹೆಂಡತಿ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. ‘ಇದೇನ್ರೀ, ಆಷಾಢ ಸೇಲಾ?’ ಅಂದಳು.

ನಗಬೇಡಿ, ನಾನು ಮಾತ್ರ ಬಿದ್ದುಹೋಗಿದ್ದೆ. ನನ್ನ ಮೆಡಿಕಲ್ ಪಾಲಿಸಿ 5 ಲಕ್ಷದ್ದು. ಉಳಿದದ್ದಕ್ಕೆ ಮೂವತ್ತು ನಲವತ್ತರ ಸೈಟ್ ಮಾರೋಣ ಅಂತ ಬ್ರೋಕರ್ ಜೊತೆ ಮಾತೂ ಆಡಿದ್ದೆ. ಆ ಹುಡುಗ ನನ್ನ ಪೆಟ್ ಸ್ಕ್ಯಾನ್ ರಿಪೋರ್ಟ್ ಕೇಳಲೇ ಇಲ್ಲ. ಮೂಳೆಗೆ ಹರಡಿದೆಯಾ ಅಂತಲೂ ಕೇಳಲಿಲ್ಲ. ಕೇಳಿದ್ದು ಪೇಮೆಂಟ್ ಯಾವ ಥರ ಅಂತ ಮಾತ್ರ. ಲೋಡ್ ಎಷ್ಟು ಅಂತ ಕೇಳದೆ ಟ್ರಾನ್ಸ್‌ಫಾರ್ಮರ್ ಮಂಜೂರು ಮಾಡಿದ ಹಾಗೆ. ನನ್ನ ಸರ್ವಿಸಿನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ಮೆಮೊ ಕೊಡುತ್ತಿದ್ದೆ. ಆ ಹೊತ್ತಿನಲ್ಲಿ ಇದು ನನಗೆ ಹೊಳೆಯಲೇ ಇಲ್ಲ.

ಮಗ ಒಂದೇ ಹಟ ಹಿಡಿದ. ‘ಅಪ್ಪ, ಏಜೆಂಟ್ ಬೇಡ. ನಾವೇ ನೇರ ಹೋಗಿ ಡಾಕ್ಟರ್‌ನ ಕೇಳೋಣ. ಸೈಟ್ ಎಲ್ಲೂ ಓಡಿಹೋಗಲ್ಲ.’

ನಮ್ಮ ದೇಶದಲ್ಲಿ ಪ್ರೋಟಾನ್ ಯಂತ್ರ ಇರೋ ಜಾಗ ಬೆರಳೆಣಿಕೆ. ಅಪೋಲೊದವರು ಚೆನ್ನೈನ ತರಮಣಿಯಲ್ಲಿ 2019ರಲ್ಲಿ ಶುರು ಮಾಡಿದರು. ಸರ್ಕಾರದ ಕಡೆಯಿಂದ ಟಾಟಾ ಸ್ಮಾರಕ ಆಸ್ಪತ್ರೆಯವರದ್ದು ನವಿ ಮುಂಬೈನ ಖಾರ್ಘರ್‌ನಲ್ಲಿದೆ. ನಮಗೆ ಹತ್ತಿರ ಚೆನ್ನೈ. ವಿಜಯನಗರದ ಮಗನ ಮನೆಯಲ್ಲಿ ರಾತ್ರಿ ಇದ್ದು ಬೆಳಗಿನ ಶತಾಬ್ದಿ ಹಿಡಿದೆವು.

ಈಗ ಯಂತ್ರದ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಡದವರು ಮುಂದಕ್ಕೆ ಹೋಗಿ.

ನಾನು ಕೆಇಬಿಯವನು ಅಂತ ಗೊತ್ತಾದ ಮೇಲೆ ಅಲ್ಲಿನ ಫಿಸಿಸಿಸ್ಟ್ ಹುಡುಗಿಯೊಬ್ಬಳು ಪ್ರೀತಿಯಿಂದ ವಿವರಿಸಿದಳು. ಸೈಕ್ಲೋಟ್ರಾನ್ ಅನ್ನೋದು ಇನ್ನೂರು ಟನ್ನಿಗಿಂತ ಹೆಚ್ಚು ತೂಕದ ದುಂಡನೆಯ ಆಯಸ್ಕಾಂತ. ಹೈಡ್ರೋಜನ್ ಅನಿಲದಿಂದ ಪ್ರೋಟಾನ್ ತೆಗೆದು ಅದರೊಳಗೆ ಸುತ್ತಿಸುತ್ತಾರೆ. ಪ್ರತಿ ಸುತ್ತಿಗೂ ಒಂದಿಷ್ಟು ತಳ್ಳುತ್ತಾರೆ, ಜೋಕಾಲಿ ತೂಗಿದ ಹಾಗೆ. ಕೊನೆಗೆ ಹೊರಗೆ ಬರುವಾಗ ಅದರ ಶಕ್ತಿ 230 ಮೆಗಾ ಎಲೆಕ್ಟ್ರಾನ್ ವೋಲ್ಟ್, ಅಂದರೆ 23 ಕೋಟಿ ವೋಲ್ಟಿನಲ್ಲಿ ತಳ್ಳಿದಷ್ಟು. ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ. ನಾನು ಜೀವಮಾನವೆಲ್ಲ ಭಯಭಕ್ತಿಯಿಂದ ನೋಡಿದ 66 ಕೆವಿ ಸ್ಟೇಷನ್ನಿನ ಮೂರೂವರೆ ಸಾವಿರ ಪಟ್ಟು! ವೇಗ ಬೆಳಕಿನ ವೇಗದ ಸುಮಾರು ಶೇ 60. ಅದನ್ನು ರೋಗಿಯ ಸುತ್ತ ತಿರುಗಿಸೋ ಗ್ಯಾಂಟ್ರಿ ಮೂರು ಅಂತಸ್ತಿನಷ್ಟು ಎತ್ತರ, ನೂರು ಟನ್ನಿಗೂ ಮೇಲೆ ತೂಕ. ಒಳಗೆ ಮಲಗಿದವನಿಗೆ ಕಾಣೋದು ಬಿಳಿ ಗೋಡೆಯ ಒಂದು ಸಣ್ಣ ಕೋಣೆ ಅಷ್ಟೆ. ಬಾಗಿಲಲ್ಲಿ ನಿಂತು ನೋಡಿದೆ. ಕಾಯಿಲೆ ಮರೆತೇಹೋಗಿತ್ತು. ಹೆಂಡತಿ ಶರ್ಟಿನ ತೋಳು ಎಳೆದು ಕರೆದುಕೊಂಡು ಬಂದಳು.

ಪ್ರೋಟಾನ್‌ಗೂ ಮಾಮೂಲಿ ರೇಡಿಯೇಷನ್‌ಗೂ ವ್ಯತ್ಯಾಸ ಏನು? ನಮ್ಮ ಗೊರೂರು ಡ್ಯಾಮಿನ ನಾಲೆ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಮಾಮೂಲಿ ಎಕ್ಸ್-ರೇ ಕಿರಣ ಮಣ್ಣಿನ ನಾಲೆ ಇದ್ದ ಹಾಗೆ. ದಾರಿಯುದ್ದಕ್ಕೂ ಇಂಗುತ್ತಾ ಹೋಗುತ್ತದೆ, ನಮ್ಮ ಗದ್ದೆ ದಾಟಿ ಆಚೆಯವರ ಗದ್ದೆಗೂ ಹರಿಯುತ್ತದೆ. ಪ್ರೋಟಾನ್ ಪೈಪ್‌ಲೈನ್ ಇದ್ದ ಹಾಗೆ. ದಾರಿಯಲ್ಲಿ ಸ್ವಲ್ಪ ಸೋರುತ್ತದೆ, ತುದಿಯಲ್ಲಿ ಒಮ್ಮೆಗೇ ಸುರಿದು ಅಲ್ಲೇ ನಿಂತುಬಿಡುತ್ತದೆ. ಆಚೆಗೆ ಹನಿಯೂ ಇಲ್ಲ ಅನ್ನಬಹುದು. ಆ ಸುರಿಯೋ ಜಾಗಕ್ಕೆ ಬ್ರಾಗ್ ಪೀಕ್ ಅನ್ನುತ್ತಾರೆ. ಎಷ್ಟು ಆಳದಲ್ಲಿ ಸುರಿಯಬೇಕು ಅನ್ನೋದನ್ನ ಶಕ್ತಿ ಹೆಚ್ಚು ಕಮ್ಮಿ ಮಾಡಿ ನಿರ್ಧರಿಸುತ್ತಾರೆ. ಕೇಳೋಕೆ ಬಹಳ ಚೆನ್ನಾಗಿದೆ ಅಲ್ವಾ? ನನಗೂ ಹಾಗೇ ಅನ್ನಿಸಿತು. ಸೈಟ್ ಹೋದರೆ ಹೋಗಲಿ ಅಂತ ಮನಸ್ಸು ಮತ್ತೆ ಗಟ್ಟಿಯಾಯಿತು.

ಆಮೇಲೆ ಡಾಕ್ಟರ್ ಕರೆದರು. ನಾನು ಇಷ್ಟೆಲ್ಲ ಬರೆಯುತ್ತಿರುವುದೇ ಆ ಮನುಷ್ಯನ ಸಲುವಾಗಿ.

ಅವರು ರಿಪೋರ್ಟಿನ ಕಾಗದ ಪಕ್ಕಕ್ಕಿಟ್ಟು ಪೆಟ್ ಸ್ಕ್ಯಾನಿನ ಸಿಡಿ ಹಾಕಿ ತಾವೇ ನೋಡಿದರು. ಮೂರು ಮೂಳೆ ಚುಕ್ಕೆಗಳ ಮೇಲೆ ಮೌಸ್ ಇಟ್ಟು ನಿಲ್ಲಿಸಿ ನಿಲ್ಲಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇಲ್ಲಿ ಬಂದು ದುಡ್ಡು ಸುರಿಯುವ ಅಗತ್ಯ ನಿಮಗಿಲ್ಲ ಅಂದರು. ಇಂಗ್ಲಿಷಿನಲ್ಲಿ, ಮೆಲ್ಲಗೆ. ತನ್ನ ಅಂಗಡಿಯ ಸಾಮಾನು ನಿನಗೆ ಬೇಡ ಅಂತ ಹೇಳುವ ಅಂಗಡಿಯವನನ್ನು ನಾನು ಅವತ್ತೇ ಮೊದಲು ನೋಡಿದ್ದು.

ಅವರು ಕೊಟ್ಟ ಕಾರಣಗಳನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ನನ್ನ ಕಾಯಿಲೆ ಒಂದು ಜಾಗದಲ್ಲಿ ಇಲ್ಲ. ಮೂರು ಚುಕ್ಕೆ ಕಂಡಿವೆ ಅಂದರೆ ಕಾಣದ ಕ್ಯಾನ್ಸರ್ ಕಣಗಳೂ ರಕ್ತದಲ್ಲಿ ಓಡಾಡುತ್ತಿರಬಹುದು. ಫೀಡರ್ ಪೂರ್ತಿ ಫಾಲ್ಟ್ ಇರುವಾಗ ಒಂದು ಟ್ರಾನ್ಸ್‌ಫಾರ್ಮರ್‌ಗೆ ಎಷ್ಟೇ ಒಳ್ಳೆ ರಿಪೇರಿ ಮಾಡಿದರೂ ಲೈನ್ ನಿಲ್ಲುತ್ತಾ? ಮೊದಲು ಮೇನ್ ಆಫ್ ಮಾಡಬೇಕು. ಈ ಕಾಯಿಲೆಗೆ ಸಪ್ಲೈ ಅಂದರೆ ಟೆಸ್ಟೋಸ್ಟಿರಾನ್, ಗಂಡಸರ ಹಾರ್ಮೋನು. ಅದನ್ನು ಕಟ್ ಮಾಡಿದರೆ ಕ್ಯಾನ್ಸರ್ ಒಣಗುತ್ತದೆ ಅಂತ ಚಾರ್ಲ್ಸ್ ಹಗ್ಗಿನ್ಸ್ ಅನ್ನೋ ಸರ್ಜನ್ 1941ರಲ್ಲೇ ತೋರಿಸಿದ್ದರು. 1966ರಲ್ಲಿ ನೊಬೆಲ್ ಬಂತು. ಇವತ್ತಿಗೂ ಅದೇ ಬುನಾದಿ, ಅದರ ಮೇಲೆ ಹೊಸ ಮಾತ್ರೆಗಳು ಸೇರಿಕೊಂಡಿವೆ.

ಹಾಗಾದರೆ ಪ್ರಾಸ್ಟೇಟಿಗೆ ರೇಡಿಯೇಷನ್ ಬೇಡವೇ ಬೇಡವಾ ಅಂತ ಮಗ ಕೇಳಿದ. ಬೇಕು ಅಂದರು. ಬ್ರಿಟನ್ನಿನ ಸ್ಟಾಂಪೀಡ್ ಅನ್ನೋ ದೊಡ್ಡ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಹರಡಿರೋದು ಕಡಿಮೆ ಇದ್ದವರಿಗೆ ಔಷಧಿಯ ಜೊತೆ ಪ್ರಾಸ್ಟೇಟಿಗೂ ರೇಡಿಯೇಷನ್ ಕೊಟ್ಟಾಗ, ಮೂರು ವರ್ಷಕ್ಕೆ ಬದುಕಿದ್ದವರು ನೂರಕ್ಕೆ 81. ಕೊಡದೆ ಇದ್ದವರಲ್ಲಿ 73. ಜಾಸ್ತಿ ಹರಡಿದ್ದವರಿಗೆ ಆ ಲಾಭ ಸಿಗಲಿಲ್ಲ. ನನ್ನದು ಮೂರೇ ಚುಕ್ಕೆ, ಅದಕ್ಕೇ ನಾನು ಕಡಿಮೆಯ ಗುಂಪು. ಗಮನಿಸಿ, ಆ 81 ಬಂದದ್ದು ಮಾಮೂಲಿ ರೇಡಿಯೇಷನ್ನಿನಲ್ಲೇ. ಅದಕ್ಕೆ ಪ್ರೋಟಾನ್ ಬೇಕಾಗಿರಲಿಲ್ಲ.

‘ಆದ್ರೂ ಸಾರ್, ಆಚೆ ಈಚೆ ಸೋರಲ್ಲ ಅಂದ್ರಲ್ಲ, ಮಲದ್ವಾರದ ತೊಂದರೆ ಕಮ್ಮಿ ಆಗಲ್ವಾ?’ ಅಂತ ನಾನು ಬಿಡಲಿಲ್ಲ. ಯಂತ್ರದ ಮೋಹ. ಅವರು ಒಂದು ಹಾಳೆ ತೆಗೆದು ಸೊಂಟದ ಚಿತ್ರ ಬರೆದರು. ಪ್ರೋಟಾನ್ ಎಲ್ಲಿ ನಿಲ್ಲುತ್ತದೆ ಅನ್ನೋದರಲ್ಲಿ ಕೆಲವು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಮುಂದಿನಿಂದ ಬಿಟ್ಟು, ಗುದನಾಳದ ಗೋಡೆಯ ಮುಂದೆ ಸರಿಯಾಗಿ ನಿಲ್ಲಿಸುತ್ತೇವೆ ಅನ್ನುವ ಧೈರ್ಯ ಯಾರೂ ಮಾಡಲ್ಲ. ಅದಕ್ಕೇ ಸಾಮಾನ್ಯವಾಗಿ ಎಡ ಬಲದಿಂದ, ಸೊಂಟದ ಕೀಲಿನ ಮೂಲಕ ಬಿಡುತ್ತಾರೆ. ಪ್ರಾಸ್ಟೇಟಿಗೆ ಅಂಟಿಕೊಂಡ ಗುದನಾಳದ ಆ ಒಂದು ಗೋಡೆಗೆ ಎರಡೂ ವಿಧಾನದಲ್ಲಿ ಏಟು ಬೀಳುತ್ತದೆ. ಅಮೆರಿಕದಲ್ಲಿ 450 ಗಂಡಸರನ್ನು ಎರಡು ಗುಂಪು ಮಾಡಿ ನೋಡಿದ್ದಾರೆ, 2024ರಲ್ಲಿ ಫಲಿತಾಂಶ ಬಂತು. ಎರಡು ವರ್ಷದ ಮೇಲೆ ಕರುಳಿನ ತೊಂದರೆಯಲ್ಲಿ ಪ್ರೋಟಾನ್‌ಗೂ ಈಗಿನ ಒಳ್ಳೆಯ ಎಕ್ಸ್-ರೇ ವಿಧಾನಕ್ಕೂ ವ್ಯತ್ಯಾಸ ಕಾಣಲಿಲ್ಲ. ಐದು ವರ್ಷಕ್ಕೆ ಕಾಯಿಲೆ ಹತೋಟಿಯೂ ಎರಡರಲ್ಲೂ ನೂರಕ್ಕೆ 93ರ ಮೇಲೆ, ಸಮಸಮ. ಅವರೆಲ್ಲ ಹರಡದೇ ಇದ್ದವರು, ನನಗಿಂತ ಅದೃಷ್ಟವಂತರು. ಅವರಿಗೇ ವ್ಯತ್ಯಾಸ ಆಗದ್ದು ನನಗೇನು ಆಗುತ್ತದೆ?

ಹೆಂಡತಿ ಕೊನೆಗೆ ಒಂದೇ ಪ್ರಶ್ನೆ ಕೇಳಿದಳು, ಕನ್ನಡದಲ್ಲೇ. ‘ಇವರು ಹುಷಾರಾಗ್ತಾರಾ ಡಾಕ್ಟ್ರೇ?’ ಮಗ ಇಂಗ್ಲಿಷಿಗೆ ತಿರುಗಿಸೋಕೆ ಸ್ವಲ್ಪ ಹೊತ್ತು ತೆಗೆದುಕೊಂಡ. ಪೂರ್ತಿ ಹೋಗುತ್ತೆ ಅಂತ ಹೇಳಲಾರೆ, ವರ್ಷಗಟ್ಟಲೆ ಹತೋಟಿಯಲ್ಲಿ ಇಡೋಕೆ ಪ್ರಯತ್ನ ಮಾಡಬಹುದು ಅಂದರು. ಏಜೆನ್ಸಿ ಹುಡುಗನ ಸವಿಮಾತಿಗಿಂತ ಈ ಮಾತು ಕೇಳಿ ಅವಳಿಗೆ ಸಮಾಧಾನವಾದದ್ದು ನೋಡಿ ನನಗೇ ಆಶ್ಚರ್ಯವಾಯಿತು.

ಹೊರಗೆ ಬಂದಾಗ ಸಾಲಿನಲ್ಲಿ ಐದಾರು ವರ್ಷದ ಹುಡುಗ ಅಮ್ಮನ ತೊಡೆಯ ಮೇಲೆ ನಿದ್ದೆ ಮಾಡುತ್ತಿದ್ದ. ತಲೆಯ ಗೆಡ್ಡೆ. ಬೆಳೆಯೋ ಮಕ್ಕಳ ಮಿದುಳು, ಬೆನ್ನುಹುರಿ, ಕಣ್ಣಿನ ಹಿಂಬದಿ, ತಲೆಬುರುಡೆಯ ತಳ, ಒಮ್ಮೆ ರೇಡಿಯೇಷನ್ ಆದ ಜಾಗಕ್ಕೇ ಮತ್ತೆ ಕೊಡಬೇಕಾಗಿ ಬಂದವರು. ಪ್ರೋಟಾನ್ ನಿಜವಾಗಿ ದುಡಿಯೋದು ಇಂಥ ಕಡೆ ಅಂತ ಡಾಕ್ಟರ್ ಹೇಳಿದ್ದರು. ಆ ಹುಡುಗನ ಕಾಲಿನ ಒಂದು ಚಪ್ಪಲಿ ಕೆಳಗೆ ಬಿದ್ದಿತ್ತು. ಎತ್ತಿ ಅವರಮ್ಮನ ಬ್ಯಾಗಿನ ಪಕ್ಕ ಇಟ್ಟು ಬಂದೆ.

ಉಳಿದ ಚಿಕಿತ್ಸೆ ಬೆಂಗಳೂರಿನಲ್ಲಿ. ಹಾರ್ಮೋನು ನಿಲ್ಲಿಸೋಕೆ ಎರಡು ದಾರಿ. ಬೀಜ ತೆಗೆಯೋ ಸಣ್ಣ ಆಪರೇಷನ್, ಇಲ್ಲವೇ ಮೂರು ತಿಂಗಳಿಗೊಂದು ಇಂಜೆಕ್ಷನ್. ಆಪರೇಷನ್ ಒಂದೇ ಸಲಕ್ಕೆ ಮುಗಿಯುತ್ತದೆ, ಖರ್ಚು ಬಹಳ ಕಮ್ಮಿ, ಕೆಲಸ ಅದೇ. ಬುದ್ಧಿ ಒಪ್ಪಿತು, ಮನಸ್ಸು ಒಪ್ಪಲಿಲ್ಲ, ಇಂಜೆಕ್ಷನ್ ಆರಿಸಿದೆ. ಇದನ್ನು ಬರೆಯೋಕೆ ನಾಚಿಕೆ ಇಲ್ಲ, ಯಾಕೆಂದರೆ ಫೋನ್ ಮಾಡೋರೆಲ್ಲ ಕೊನೆಗೆ ದನಿ ಇಳಿಸಿ ಇದನ್ನೇ ಕೇಳೋದು. ಜೊತೆಗೆ ಆ ಹಾರ್ಮೋನನ್ನು ಇನ್ನಷ್ಟು ತಡೆಯೋ ಅಬಿರಾಟೆರಾನ್ ಮಾತ್ರೆ, ದಿನಕ್ಕೆ 250 ಮಿಲಿಗ್ರಾಂನ ನಾಲ್ಕು, ಮತ್ತೆ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಒಂದು. ನಮ್ಮ ದೇಶದ್ದೇ ಕಂಪನಿಗಳ ಮಾತ್ರೆ ಸಿಗುತ್ತದೆ. ಒಂದೇ ಮಾತ್ರೆಗೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೆಲೆ ಭಾರೀ ಬದಲಾಗುತ್ತದೆ. ಡಾಕ್ಟರ್ ಹತ್ತಿರ ಕೇಳಿ, ಮೂರು ಅಂಗಡಿಯಲ್ಲಿ ವಿಚಾರಿಸಿ.

ರೇಡಿಯೇಷನ್‌ಗೆ ಸ್ಟಾಂಪೀಡ್‌ನಲ್ಲಿ ಎರಡು ವಿಧ ಇತ್ತು. ದಿನಾ ಕೊಟ್ಟು 20 ಸಿಟ್ಟಿಂಗ್, ಇಲ್ಲವೇ ವಾರಕ್ಕೊಂದರಂತೆ 6. ಹಾಸನದಿಂದ ಓಡಾಡುವವನಿಗೆ ವಾರಕ್ಕೊಂದೇ ಸರಿ ಅಂತ ಇಲ್ಲಿನ ಡಾಕ್ಟರ್ ಒಪ್ಪಿದರು. ಇಂಜೆಕ್ಷನ್ ಶುರುವಾಗಿ ಮೂರು ತಿಂಗಳಾದ ಮೇಲೆ ಆರು ಬುಧವಾರ. ಹಾಸನದಿಂದ ಬೆಳಗಿನ ರೈಲು, ಶ್ರವಣಬೆಳಗೊಳ, ಕುಣಿಗಲ್ ಮೇಲೆ ಯಶವಂತಪುರ. 2017ರಲ್ಲಿ ಆ ಲೈನ್ ಆಗದೇ ಇದ್ದಿದ್ದರೆ ನನ್ನ ಸೊಂಟ ಬಸ್ಸಿನಲ್ಲೇ ಮುಗಿಯುತ್ತಿತ್ತು.

ಯಂತ್ರ ಮಾಮೂಲಿ ಲೀನಿಯರ್ ಆಕ್ಸಿಲರೇಟರ್, ಎಕ್ಸ್-ರೇ ಕಿರಣ ಬಿಡೋದು. ಇಂಥದ್ದು ಕಿದ್ವಾಯಿಯಲ್ಲೂ ಇದೆ, ಖಾಸಗಿ ಆಸ್ಪತ್ರೆಗಳಲ್ಲೂ ಇದೆ. ಮಲಗಿದರೆ ಹತ್ತು ಹದಿನೈದು ನಿಮಿಷ, ನೋವಿಲ್ಲ. ಕಷ್ಟ ಇರೋದು ಮಲಗುವ ಮೊದಲು. ಮೂತ್ರಚೀಲ ತುಂಬಿರಬೇಕು, ಕರುಳು ಖಾಲಿ ಇರಬೇಕು. ಅರ್ಧ ಲೀಟರ್ ನೀರು ಕುಡಿದು ಮುಕ್ಕಾಲು ಗಂಟೆ ತಡೆದುಕೊಂಡು ಕೂರಬೇಕು. ಪ್ರಾಸ್ಟೇಟ್ ಕಾಯಿಲೆಯವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟಾ? ಮೂರನೇ ಬುಧವಾರ ನಾನು ನೀರು ಕುಡಿದು ಕೂತ ಮೇಲೆ ಯಂತ್ರ ಕೈಕೊಟ್ಟಿತು. ಯಾರೂ ಬಂದು ಹೇಳಲಿಲ್ಲ. ಗಂಟೆಯ ಮೇಲೆ ಗಂಟೆ ಹೋಯಿತು, ನಾನು ಕಾರಿಡಾರಿನಲ್ಲಿ ಒಂದು ಕಾಲಿನ ಮೇಲೆ ನಿಂತು ಇನ್ನೊಂದು ಕಾಲು ಬದಲಿಸುತ್ತಾ ಇದ್ದೆ. ಕೊನೆಗೆ ತಡೆಯಲಾರದೆ ಹೋಗಿಬಂದೆ. ಬಂದ ಕೂಡಲೇ ನನ್ನ ಹೆಸರು ಕೂಗಿದರು! ಮತ್ತೆ ಅರ್ಧ ಲೀಟರ್. ಆಸ್ಪತ್ರೆಯವರಿಗೆ ಒಂದು ಮಾತು: ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಬಂದು ಪರಿಸ್ಥಿತಿ ಹೇಳಿ. ಲೋಡ್ ಶೆಡ್ಡಿಂಗ್ ಕಾಲದಲ್ಲಿ ನಾವು ಕೂಡ ಪೇಪರಿನಲ್ಲಿ ಟೈಮ್ ಹಾಕುತ್ತಿದ್ದೆವು.

ನಾಲ್ಕನೇ ವಾರದ ತಪ್ಪು ನನ್ನದು. ಧನುರ್ಮಾಸ, ಅವರೆಕಾಯಿ ಸೊಗಡಿನ ಕಾಲ. ಕಾಳು, ಹುರುಳಿ, ಬೇಳೆ ಜಾಸ್ತಿ ತಿನ್ನಬೇಡಿ, ಗ್ಯಾಸ್ ಆಗುತ್ತದೆ ಅಂತ ಮೊದಲೇ ಹೇಳಿದ್ದರು. ಹಿಂದಿನ ರಾತ್ರಿ ಮಗಳ ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು, ಜೊತೆಗೆ ಮುದ್ದೆ. ಒಂದು ಸೌಟು ಅಂತ ಶುರು ಮಾಡಿದೆ. ಬೆಳಿಗ್ಗೆ ಯಂತ್ರದ ಮೇಲೆ ಮಲಗಿಸಿ ಮೊದಲು ಸ್ಕ್ಯಾನ್ ತೆಗೆದರು. ಟೆಕ್ನಿಷಿಯನ್ ಹುಡುಗ ಒಳಗೆ ಬಂದು ಪರದೆ ತೋರಿಸಿದ. ಗುದನಾಳದಲ್ಲಿ ಕಪ್ಪಗೆ ಒಂದು ದೊಡ್ಡ ಗುಳ್ಳೆ. ಪ್ರಾಸ್ಟೇಟನ್ನು ಅದು ಮುಂದಕ್ಕೆ ತಳ್ಳಿಬಿಟ್ಟಿತ್ತು. ‘ಅಂಕಲ್, ನಿನ್ನೆ ಏನ್ ತಿಂದ್ರಿ?’ ಅಂದ. ನಾನು ಸುಳ್ಳು ಹೇಳಲಿಲ್ಲ. ‘ಇಳಿದು ಅರ್ಧ ಗಂಟೆ ಓಡಾಡಿ ಬನ್ನಿ’ ಅಂದ. ಆಸ್ಪತ್ರೆಯ ಸುತ್ತ ಏಳು ಸುತ್ತು ಹಾಕಿ, ಗುಳ್ಳೆ ಇಳಿಸಿ, ಮತ್ತೆ ಮಲಗಿದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ಒಂದು ಬಟ್ಟಲು ಸಾರಿಗೆ ಕಾಯುತ್ತಾ ನಿಂತಿತ್ತು. ಪ್ರೋಟಾನ್ ಆಗಿದ್ದರೂ ಹೀಗೇ ನಿಲ್ಲುತ್ತಿತ್ತು, ಅದರಲ್ಲಿ ಅನುಮಾನ ಬೇಡ.

ಈಗ ಹೇಗಿದ್ದೇನೆ? ಪಿಎಸ್‌ಎ 84ರಿಂದ 0.3ಕ್ಕೆ ಇಳಿದಿದೆ. ಬೆನ್ನು ನೋವು ಇಲ್ಲ. ರೇಡಿಯೇಷನ್ ಮುಗಿದ ಮೇಲೆ ಎರಡು ಮೂರು ವಾರ ಮೂತ್ರದಲ್ಲಿ ಉರಿ ಇತ್ತು, ಹೋಯಿತು. ಹಾರ್ಮೋನಿನ ಕಾಟ ಮಾತ್ರ ನಿಲ್ಲಲ್ಲ. ಹಾಸನದ ಚಳಿಯಲ್ಲಿ ರಾತ್ರಿ ಎರಡು ಗಂಟೆಗೆ ಬೆವೆತು ಎದ್ದು ಕೂರುತ್ತೇನೆ. ಫ್ಯಾನ್ ಹಾಕಿದರೆ ಹೆಂಡತಿ ಕಂಬಳಿ ಎಳೆದುಕೊಂಡು ‘ನಂಗೆ ಹೀಗಾದಾಗ ನೀವು ಏನಂದಿದ್ರಿ, ನೆನಪಿದೆಯಾ?’ ಅನ್ನುತ್ತಾಳೆ. ನೆನಪಿದೆ. ನಾಟಕ ಅಂದಿದ್ದೆ. ತೋಳು ಸಣ್ಣಗಾಗಿದೆ, ಹೊಟ್ಟೆ ಬಂದಿದೆ. ಮೂಳೆ ಸವೆಯುತ್ತದೆ ಅಂತ ಕ್ಯಾಲ್ಸಿಯಂ, ವಿಟಮಿನ್ ಡಿ, ಜೊತೆಗೆ ದಿನಾ ಮಹಾರಾಜ ಪಾರ್ಕಿನಲ್ಲಿ ನಡಿಗೆ. ಬಿಪಿ, ಪೊಟ್ಯಾಸಿಯಂ ಆಗಾಗ ನೋಡಬೇಕು, ಅಬಿರಾಟೆರಾನ್ ಅವೆರಡನ್ನೂ ಏರುಪೇರು ಮಾಡುತ್ತದೆ.

ಸ್ಟಾರ್ ಎಷ್ಟು ಕೊಡ್ತೀರಿ ಅಂತ ಮಗ ಕೇಳಿದ. ಚೆನ್ನೈನ ಆ ಡಾಕ್ಟರ್ ಕೊಟ್ಟ ನಲವತ್ತು ನಿಮಿಷಕ್ಕೆ ಐದಕ್ಕೆ ಐದು. ಬೆಂಗಳೂರಿನ ರೇಡಿಯೇಷನ್ ವಿಭಾಗಕ್ಕೆ ನಾಲ್ಕು, ಆ ಮೂರನೇ ಬುಧವಾರಕ್ಕೆ ಒಂದು ಕಟ್. ಏಜೆನ್ಸಿಗೆ ಸೊನ್ನೆ ಹಾಕೋಕೆ ಬರಲ್ವಂತೆ, ಅದಕ್ಕೇ ಒಂದು. ಪ್ರೋಟಾನ್ ಯಂತ್ರಕ್ಕೆ ನಾನು ಸ್ಟಾರ್ ಕೊಡೋ ಹಾಗಿಲ್ಲ, ಅದರ ಕೆಳಗೆ ಮಲಗಲೇ ಇಲ್ಲ.

ಯಾರಾದರೂ ಹೋಗೋದಾದರೆ ರಿಪೋರ್ಟಿನ ಜೆರಾಕ್ಸ್ ಸಾಲದು, ಸ್ಕ್ಯಾನಿನ ಸಿಡಿ ತೆಗೆದುಕೊಂಡು ಹೋಗಿ. ಬಯಾಪ್ಸಿಯ ಸ್ಲೈಡು, ಪಿಎಸ್‌ಎ ತಾರೀಕಿನ ಪ್ರಕಾರ ಬರೆದ ಒಂದು ಹಾಳೆ, ಸೊಂಟದ ಕೀಲು ಬದಲಾಯಿಸಿದ್ದರೆ ಅದರ ಕಾಗದ. ಮೊದಲ ಪ್ರಶ್ನೆ ಇದೇ ಕೇಳಿ: ನನ್ನ ಕಾಯಿಲೆ ಎಲ್ಲೆಲ್ಲಿದೆ, ನೀವು ಕೊಡೋದು ಎಲ್ಲಿಗೆ ಮುಟ್ಟುತ್ತದೆ? ಜೊತೆಗೆ ಹೆಂಡತಿಯನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ನಾವು ಗಂಡಸರು ಯಂತ್ರ ನೋಡುತ್ತಾ ನಿಂತುಬಿಡುತ್ತೇವೆ.

ಅಬಿರಾಟೆರಾನ್ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಮುಂಚೆ ಎರಡು ಗಂಟೆ ಏನೂ ತಿಂದಿರಬಾರದು, ಆಮೇಲೂ ಒಂದು ಗಂಟೆ ಏನೂ ಇಲ್ಲ. ಹಾಲು ಹಾಕಿದ ಕಾಫಿಯೂ ಇಲ್ಲ. ಐದು ಗಂಟೆಗೇ ಫಿಲ್ಟರ್ ಕಾಫಿ ಕುಡಿದು ಬೆಳೆದ ಹಾಸನದವನಿಗೆ ಇಡೀ ಚಿಕಿತ್ಸೆಯಲ್ಲಿ ಇನ್ನೂ ರೂಢಿಯಾಗದೆ ಇರೋದು ಇದೊಂದೇ. ಈಗ ಆರೂ ಮುಕ್ಕಾಲು. ಮಾತ್ರೆ ನುಂಗಿದ್ದು ಆರಕ್ಕೆ. ಒಳಗೆ ಡಿಕಾಕ್ಷನ್ ಇಳಿಯುತ್ತಿರೋ ವಾಸನೆ ಬರುತ್ತಿದೆ, ಇನ್ನು ಹದಿನೈದು ನಿಮಿಷ.